ನೀಲಿ ಸುತ್ತು, ಕಾರೆಮುಳ್ಳಿನ ಬೇಲಿ

ಮಾರಣ್ಣನಿಗೆ ನಿಜವಾದ ಸಿಟ್ಟು ಬಂದದ್ದು ಐವತ್ತೆರಡನೇ ವಯಸ್ಸಿನಲ್ಲಿ. ಅದಕ್ಕೆ ಮೊದಲು ಅವನು ರೇಗಿದ್ದುಂಟು, ಯಾರದೋ ರಾಗಿ ಹೊಲಕ್ಕೆ ನುಗ್ಗಿದ ಕುರಿಯ ಮೇಲೆ ಕಲ್ಲು ಬೀಸಿದ್ದುಂಟು, ನಾಯಿಗೆ ಬೈದದ್ದುಂಟು. ಸಿಟ್ಟು ಮಾತ್ರ ಬಂದಿರಲಿಲ್ಲ. ಹಟ್ಟಿಯವರು ಅವನನ್ನು ಹಸುವಿನಂಥವನು ಎನ್ನುತ್ತಿದ್ದರು. ಅವನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ. ಯಾರು ಎಲ್ಲಿ ಕಟ್ಟಿದರೂ ತಲೆ ತಗ್ಗಿಸಿ ನಿಲ್ಲುವವನು ಎಂಬುದು ಆ ಮಾತಿನ ಅರ್ಥ ಎಂದು ಅವನಿಗೆ ಯಾವ ಗುರುವೂ ಹೇಳಿಕೊಡಲಿಲ್ಲ, ಯಾವ ಮಠದ ಪ್ರವಚನವೂ ಹೇಳಿಕೊಡಲಿಲ್ಲ. ಹೇಳಿಕೊಟ್ಟದ್ದು ಮೊಬೈಲಿನಲ್ಲಿ ಹುಡುಗರು ಆಡುವ ಒಂದು ಬಂದೂಕಿನ ಆಟ. ಇನ್ನುಳಿದದ್ದನ್ನು ಟಿ.ವಿ. ಹೇಳಿಕೊಟ್ಟಿತು.

ಅವನ ಹಟ್ಟಿ ಇರುವುದು ಜವನಗೊಂಡನಹಳ್ಳಿಯಿಂದ ಒಳಗೆ, ಗಾಳಿಯಂತ್ರಗಳು ತಿರುಗುವ ಗುಡ್ಡದ ಬುಡದಲ್ಲಿ. ಮೂವತ್ತೆರಡು ಮನೆ, ನಡುವೆ ದೇವರ ಗುಡಿ, ಸುತ್ತ ಎದೆಯೆತ್ತರಕ್ಕೆ ಒಟ್ಟಿದ ಕಾರೆಮುಳ್ಳಿನ ಬೇಲಿ. ಬೇಲಿಯ ಒಳಗಿನದೆಲ್ಲ ದೇವರ ನೆಲ. ಅಲ್ಲಿಗೆ ಚಪ್ಪಲಿ ಬರುವಂತಿಲ್ಲ, ಮುಟ್ಟಾದವಳು ಬರುವಂತಿಲ್ಲ, ಹೆತ್ತವಳು ಬರುವಂತಿಲ್ಲ. ಎಂಬತ್ತು ಕುರಿಯ ಒಡೆಯನಾದ ಮಾರಣ್ಣ ಬೆಳಗ್ಗೆ ಆ ಬೇಲಿ ದಾಟಿ ಗುಡ್ಡಕ್ಕೆ ಹೋದರೆ ಸಂಜೆಗೆ ವಾಪಸು. ನಡುವೆ ಮಾತಾಡಲು ಯಾರೂ ಇಲ್ಲ. ಮಗಳು ನಾಗಶ್ರೀ ಮದುವೆಯಾಗಿ ಹಿರಿಯೂರು ಪೇಟೆಗೆ ಹೋಗುವಾಗ ಅಪ್ಪನ ಫೋನಿಗೆ ಆ ಆಟ ಹಾಕಿಕೊಟ್ಟಳು. “ಗುಡ್ಡದ ಮ್ಯಾಲೆ ಒಬ್ನೇ ಕುಂತಿರ್ತೀಯ. ಆಡು. ಮಧ್ಯಾಹ್ನ ನಾನೂ ಬರ್ತೀನಿ, ಮಾತಾಡ್ಕಂಡು ಆಡಾಣ,” ಎಂದಳು.

ಆಟ ಇಷ್ಟೇ. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಹಾರುತ್ತಾರೆ. ಸಿಕ್ಕ ಬಂದೂಕು ಎತ್ತಿಕೊಂಡು ಒಬ್ಬರನ್ನೊಬ್ಬರು ಹೊಡೆಯುತ್ತಾರೆ. ನಾಲ್ಕು ನಾಲ್ಕು ಜನರದೊಂದು ತಂಡ. ಕೊನೆಗೆ ಉಳಿದ ತಂಡ ಗೆದ್ದಂತೆ. ಅದರಲ್ಲೊಂದು ನೀಲಿ ಸುತ್ತು ಇದೆ. ಹೊತ್ತು ಹೋದಂತೆ ಆ ಸುತ್ತು ಕಿರಿದಾಗುತ್ತ ಬರುತ್ತದೆ. ಒಳಗಿದ್ದವನು ಬದುಕಿದ. ಹೊರಗುಳಿದವನನ್ನು ಯಾರೂ ಹೊಡೆಯಬೇಕಾಗಿಲ್ಲ, ಅವನ ಜೀವ ತಾನಾಗಿಯೇ ಹನಿಹನಿಯಾಗಿ ಇಳಿದುಹೋಗುತ್ತದೆ.

ಮಾರಣ್ಣನಿಗೆ ಗುರಿಯಿಟ್ಟು ಹೊಡೆಯಲು ಬರುತ್ತಿರಲಿಲ್ಲ. ಅವನಿಗೆ ಬರುತ್ತಿದ್ದದ್ದು ಕುರಿ ಎಣಿಸಿದಂತೆ ತಲೆ ಎಣಿಸುವುದು. ತಂಡದಲ್ಲಿ ಒಬ್ಬ ಬಿದ್ದರೆ ಸುತ್ತಿನ ಹೊರಗೆ ಹೋಗಿಯಾದರೂ ಅವನನ್ನು ಎಬ್ಬಿಸಿಕೊಂಡು ಬರಲು ತಿರುಗಿಬಿಡುತ್ತಿದ್ದ. ಹಾಗೆ ತಿರುಗಿ ತಾನೂ ಸಾಯುತ್ತಿದ್ದ. ತಂಡಕ್ಕೆ ಸೇರಿದವರಲ್ಲಿ ಹೆಚ್ಚಿನವರು ಬೈದು ಬಿಟ್ಟುಹೋದರು. ಬೈದೂ ಬಿಡದೆ ಉಳಿದವನು ಬೀರೇಶ ಒಬ್ಬನೇ. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟವನು. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ.

“ಅಣ್ಣೋ, ಬಿಡಣ್ಣ ಅವನ್ನ! ಸುತ್ತು ಬಂತು, ಓಡು!” ಎಂದು ಬೀರೇಶ ಫೋನಿನೊಳಗಿಂದ ಅರಚುತ್ತಿದ್ದ.

“ಹೆಂಗಪ್ಪ ಬಿಡದು? ನಾಕು ಜನ ಬಂದೀವಿ, ನಾಕು ಜನಾನೂ ಹೋಗಾಣ.”

“ಅದು ಕುರಿ ಅಲ್ಲಣ್ಣ, ಗೇಮು!”

“ಕುರಿ ಆಗಿದ್ರೆ ಇಷ್ಟೊತ್ತಿಗೆ ಹೆಗ್ಲ ಮ್ಯಾಲೆ ಹಾಕ್ಕಂಡು ಬರ್ತಿದ್ದೆ. ಮನ್ಷ, ಅದಕ್ಕೇ ತಡ ಆಗ್ತೈತೆ.”

ಹಿರಿಯೂರಿನಿಂದ ನಾಗಶ್ರೀ ಬಿದ್ದುಬಿದ್ದು ನಗುತ್ತಿದ್ದಳು.

ಒಂದು ದಿನ ಮಾರಣ್ಣ ಕೇಳಿದ: “ಲೇ ಬೀರೇಶ, ಈ ಸುತ್ತು ಎಳೆಯೋನು ಯಾರು?”

“ಅದು ಅದ್ರ ಪಾಡಿಗೆ ಬರ್ತೈತಣ್ಣ.”

“ಅದ್ರ ಪಾಡಿಗೆ ಬರಾಕೆ ಅದೇನು ಮಳೆನಾ?”

“ಕಂಪ್ನಿಯೋರು ಮಾಡಿಟ್ಟಿರ್ತಾರೆ.”

“ಅವ್ರು ಎಲ್ಲೋ ಕುಂತು ಮಾಡಿಟ್ರೆ ನಾವು ಯಾಕೆ ಒಪ್ಕಬೇಕು?”

“ಒಪ್ಕಂಡ್ರೆ ಆಟ ನಡೀತೈತೆ. ಒಪ್ದಿದ್ರೆ ಫೋನ್ ಜೇಬಲ್ಲಿಟ್ಕಂಡು ಕುರಿ ನೋಡ್ಕ.”

ಬೀರೇಶ ತಮಾಷೆಗೆ ಹೇಳಿದ್ದ. ನಾಗಶ್ರೀ ಅದನ್ನು ಅಲ್ಲಿಗೇ ಬಿಡಲಿಲ್ಲ. “ನೋಡಪ್ಪ, ಅದಕ್ಕೇ ಇದನ್ನ ಆಟ ಅನ್ನೋದು. ಬ್ಯಾಡ ಅನ್ಸಿದ್ರೆ ಎದ್ದು ಬರಬಹುದು. ಎದ್ದು ಬರಾಕೆ ಆಗ್ದೇ ಇರೋದು ಆಟ ಅಲ್ಲ, ಬ್ಯಾರೆ ಏನೋ,” ಎಂದಳು. ಪಿ.ಯು.ಸಿ.ವರೆಗೆ ಓದಿದ ಹುಡುಗಿ. ಆ ಮಾತು ಎಲ್ಲಿ ಮುಟ್ಟಬೇಕಿತ್ತೋ ಅಲ್ಲಿಗೆ ಅಂದು ಮುಟ್ಟಲಿಲ್ಲ. ಮಾರಣ್ಣ “ಹೂಂ ಕಣವ್ವ” ಎಂದು ಹೇಳಿ ಇನ್ನೊಂದು ಆಟಕ್ಕೆ ಹಾರಿದ.

ಇತ್ತ ಮನೆಯಲ್ಲಿ ಅವನ ಹೆಂಡತಿ ಬರಗೇರಮ್ಮನದು ಟಿ.ವಿ. ಹಟ್ಟಿಯಲ್ಲಿ ದೊಡ್ಡ ಪರದೆಯ ಟಿ.ವಿ. ಇದ್ದದ್ದು ಎರಡೇ ಮನೆಯಲ್ಲಿ. ಒಂದು ಇವರದು, ಇನ್ನೊಂದು ಹಟ್ಟಿ ಯಜಮಾನ ಮೂಡಲಗಿರಿಯಪ್ಪನದು. ಅವನು ಬರಗೇರಮ್ಮನ ಸ್ವಂತ ಅಣ್ಣ. ಸಂಜೆ ಏಳೂವರೆಗೆ ಬರಗೇರಮ್ಮನ ನಡುಮನೆಯಲ್ಲಿ ಹತ್ತು ಹದಿನೈದು ಹೆಂಗಸರು ಧಾರಾವಾಹಿಗೆ ಕೂರುತ್ತಿದ್ದರು. ಅದರಲ್ಲೊಬ್ಬ ಸೊಸೆ ಇದ್ದಳು. ಆರು ತಿಂಗಳಿನಿಂದ ಅವಳಿಗೆ ಒಂದಲ್ಲ ಒಂದು ಕಷ್ಟ. ಅವಳು ಅತ್ತಾಗ ಇವರು ಅಳುತ್ತಿದ್ದರು.

“ಅವಳು ದುಡ್ಡು ಇಸ್ಕಂಡು ಸುಳ್ಳು ಅಳ್ತಾಳೆ. ನೀನು ಪುಕ್ಸಟ್ಟೆ ನಿಜವಾಗ್ಲೂ ಅಳ್ತೀಯಲ್ಲ?” ಎಂದು ಮಾರಣ್ಣ ಕೆಣಕುತ್ತಿದ್ದ.

“ನಿನಗೆ ಕರುಳಿಲ್ಲ, ಅದಕ್ಕೇ ಅಳು ಬರಲ್ಲ. ಸುಮ್ಕೆ ಉಣ್ಣು.”

ಮೂಡಲಗಿರಿಯಪ್ಪನಿಗೆ ಹಿಡಿಸಿದ್ದು ಬೇರೆ ಕಾರ್ಯಕ್ರಮ. ಹದಿನೈದು ಜನ ಅಪರಿಚಿತರನ್ನು ಒಂದು ಬಂಗಲೆಯಲ್ಲಿ ಕೂಡಿಹಾಕಿ, ವಾರಕ್ಕೊಬ್ಬರನ್ನು ಓಟು ಹಾಕಿ ಹೊರಗೆ ಕಳಿಸುವ ಕಾರ್ಯಕ್ರಮ ಅದು. ಕಳೆದ ಶ್ರಾವಣದಲ್ಲಿ ಒಬ್ಬ ಹುಡುಗಿ ಹೊರಗೆ ಹೋಗುವ ಹಾಗಾಯಿತು. ಅರವತ್ತಾರು ವರ್ಷದ ಯಜಮಾನ ಕೋಲೂರಿಕೊಂಡು ಮೂವತ್ತೆರಡು ಮನೆ ಸುತ್ತಿ, ಪ್ರತಿ ಫೋನಿನಿಂದಲೂ ಅವಳಿಗೆ ಓಟು ಹಾಕಿಸಿದ್ದ. “ಏನೂ ತಪ್ಪು ಮಾಡ್ದಿರೋ ಹೆಣ್ಮಗಳನ್ನ ಹೊರಗೆ ಹಾಕಾದು ಅಂದ್ರೇನು? ನ್ಯಾಯ ಬ್ಯಾಡ್ವಾ?” ಎಂದು ಗುಡಿಯ ಕಟ್ಟೆಯ ಮೇಲೆ ಕೂತು ಕೇಳಿದ್ದ. ಆ ಹುಡುಗಿ ಉಳಿದುಕೊಂಡಳು. ಹಟ್ಟಿಗೆಲ್ಲ ಮಂಡಕ್ಕಿ ಹಂಚಿದ.

ಈ ಮಾತು ಹೇಳಿದ ದಿನ, ಅದೇ ಕಟ್ಟೆಯಿಂದ ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಬೇಲಿಯ ಹೊರಗೆ, ಹಟ್ಟಿಯ ಇಬ್ಬರು ಹುಡುಗಿಯರು ತಟ್ಟೆ ಮಡಿಲಲ್ಲಿಟ್ಟುಕೊಂಡು ಹುಣಿಸೆ ಮರದ ಕೆಳಗೆ ಕೂತಿದ್ದರು. ಅವರ ತಪ್ಪೇನೆಂದು ಯಾರೂ ಕೇಳಲಿಲ್ಲ. ಟಿ.ವಿ.ಯವರು ಹೊರಗೆ ಹಾಕುವಾಗ ಒಂದು ನೆಪವನ್ನಾದರೂ ಹೇಳುತ್ತಾರೆ.

ಆಶ್ವಯುಜದ ಮಳೆ ಹಿಡಿದ ವಾರ ನಾಗಶ್ರೀಗೆ ಹಿರಿಯೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ತೂಕ ಕಡಿಮೆ ಇದೆ, ಬೆಚ್ಚಗಿಡಿ ಎಂದು ನರ್ಸು ಮೂರು ಸಲ ಹೇಳಿ ಕಳಿಸಿದಳು. ಮೊದಲ ಬಾಣಂತನ ತವರಿನಲ್ಲೇ ಆಗಬೇಕು ಎಂದು ಅತ್ತೆಮನೆಯವರು ಹಟ ಹಿಡಿದರು. ಗೂಡ್ಸ್ ಆಟೋ ಓಡಿಸುವ ಗಂಡ ರಾಜಕುಮಾರ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಬಾಯಿ ಇದ್ದೂ ಇಲ್ಲದ ಗಂಡಸರಲ್ಲಿ ಅವನೂ ಒಬ್ಬ. ಅದೇ ಆಟೋದಲ್ಲಿ ಐದನೇ ದಿನ ನಾಗಶ್ರೀ ಬಂದಳು. ಆಟೋ ಬೇಲಿಯ ಹೊರಗೇ ನಿಂತಿತು.

ಹಟ್ಟಿಯ ಪದ್ಧತಿಯಂತೆ ಬಾಣಂತಿ, ಕೂಸು ಇಬ್ಬರೂ ಬೇಲಿಯಾಚೆ ಗರಿಯ ಗುಡ್ಲಿನಲ್ಲಿರಬೇಕು. ಮೊದಲೆಲ್ಲ ಮೂರು ತಿಂಗಳು, ಈಗ ಯಜಮಾನರು ದಯೆ ತೋರಿ ಒಂದೂವರೆ ತಿಂಗಳಿಗೆ ಇಳಿಸಿದ್ದಾರೆ. ಹೊರಗಿಡುವುದು ತಪ್ಪು ಎಂದು ಹೇಳಬೇಕಾದ ಮೇಲಿನವರು, ಹೊರಗಿಡಲೆಂದೇ ಒಂದು ಸಿಮೆಂಟಿನ ಕೋಣೆ ಕಟ್ಟಿಸಿಕೊಟ್ಟು, ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡು ಹೋಗಿದ್ದರು. ಆ ಕೋಣೆಯಲ್ಲಿ ಈಗ ಯಜಮಾನರ ಗೊಬ್ಬರದ ಚೀಲಗಳಿದ್ದವು. ಬೀಗದ ಕೈ ಅವರ ಉಡುದಾರದಲ್ಲಿತ್ತು.

ಗುಡ್ಲು ಹಾಕಿದವನು ಮಾರಣ್ಣನೇ. ಅವನು ಮಾಡಿದ ತಪ್ಪು ಇದು: ಮಗಳನ್ನು ಒಳಗೆ ಕರೆದುಕೊಳ್ಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ, ಒಳ್ಳೆಯ ಗುಡ್ಲು ಹಾಕಬೇಕೆಂದು ಮಾತ್ರ ಹೊಳೆಯಿತು. ಈಚಲ ಗರಿ ಒತ್ತೊತ್ತಾಗಿ ಹೆಣೆದ. ಮೇಲೆ ಹೊದಿಸಲು ಜವನಗೊಂಡನಹಳ್ಳಿಯ ಸರ್ಕಲ್ಲಿನಲ್ಲಿ ಬಿದ್ದಿದ್ದ ಚುನಾವಣೆಯ ಫ್ಲೆಕ್ಸು ತಂದ. ಕೈಮುಗಿದು ನಗುವ ಮುಖ ಒಳಕ್ಕೆ ಬಂತು, ಮಲಗಿದ ಬಾಣಂತಿ ಕಣ್ಣು ಬಿಟ್ಟರೆ ಅದೇ ಕಾಣುತ್ತಿತ್ತು. ಕಾಲಿಗೆ ತಂಡಿ ತಾಕದಿರಲೆಂದು ಹಲಗೆ ಹಾಸಿದ, ಒಂದು ಸೋಲಾರ್ ದೀಪ ನೇತುಹಾಕಿದ, ಫೋನು ಚಾರ್ಜ್ ಮಾಡಲು ವೈರು ಎಳೆದ. ಎಲ್ಲ ಮುಗಿಸಿ, ಮಗಳು ಮೆಚ್ಚಿಕೊಳ್ಳುತ್ತಾಳೆಂದು ನಿಂತ.

ನಾಗಶ್ರೀ ಸುತ್ತ ನೋಡಿದಳು. “ಚೆನ್ನಾಗೈತಪ್ಪ. ಜೈಲಿಗೆ ಫ್ಯಾನ್ ಹಾಕ್ದಂಗೆ.”

“ಏನ್ ಮಾಡಾದವ್ವ, ಪದ್ಧತಿ.”

“ಅಪ್ಪ ಒಳಗೆ ಕರ್ಕಂತಾನೆ ಅಂತ ಬಂದೆ ನಾನು. ಗೇಮಲ್ಲಿ ಮುಖ ಕಾಣ್ದಿರೋನಿಗೂ ವಾಪಸ್ ಓಡಿ ಬರ್ತೀಯಲ್ಲ. ನಮ್ಮನ್ನೂ ಹಂಗೇ ಕರ್ಕಂತೀಯ ಅನ್ಕಂಡಿದ್ದೆ.”

ಮಾರಣ್ಣ ಕುರಿ ಕೂಡುವ ರೊಪ್ಪದ ಕಡೆ ನಡೆದ. ಮಗಳ ಮಾತು ಮುಟ್ಟಿದ ಗಾಯ ಹೊಸದಲ್ಲ.

ಇಪ್ಪತ್ತೆಂಟು ವರ್ಷದ ಹಿಂದೆ ಇದೇ ಬೇಲಿಯಾಚೆ ಬರಗೇರಮ್ಮ ಇದ್ದಳು, ಅವಳ ಮಡಿಲಲ್ಲಿ ಮೊದಲ ಗಂಡುಮಗು ಇತ್ತು. ಅದೊಂದು ಸಂಜೆ ಗಾಳಿ ಮಳೆಗೆ ಗುಡ್ಲಿನ ಗರಿ ಹಾರಿಹೋಯಿತು. ಹತ್ತೊಂಬತ್ತರ ಹುಡುಗಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಬೇಲಿಯ ಸಂದಿಯಲ್ಲಿ ನುಸುಳಿ ಬಂದು ಮನೆಯ ಸೂರಿನ ಕೆಳಗೆ ನಿಂತಿದ್ದಳು. ಇಪ್ಪತ್ತನಾಲ್ಕರ ಮಾರಣ್ಣ ಬಾಗಿಲು ತೆರೆದ. ಅಕ್ಕಪಕ್ಕದವರು ನೋಡಿಯಾರೆಂಬ ಭಯಕ್ಕೆ, “ಹೋಗು, ಮೊದ್ಲು ಆಚೆ ಹೋಗು,” ಎಂದ. ಅವಳು ಹೋದಳು. ನಾಲ್ಕನೇ ದಿನ ಕೂಸು ಹೋಯಿತು. ಬೇಲಿಯೊಳಗೆ ಕಾಲಿಟ್ಟದ್ದಕ್ಕೆ ದೇವರು ಶಿಕ್ಷೆ ಕೊಟ್ಟ ಎಂದು ಹಟ್ಟಿ ತೀರ್ಪು ಹೇಳಿತು. ಬರಗೇರಮ್ಮ ಅದನ್ನು ನಂಬಿದಳು. ಅಂದಿನಿಂದ ವರ್ಷಕ್ಕೊಮ್ಮೆ ಹೊಸದುರ್ಗದಾಚೆ ಹಾಲುರಾಮೇಶ್ವರಕ್ಕೆ ಹೋಗಿ, ಅಲ್ಲಿನ ಗಂಗೆಯ ಕೊಳದ ಮುಂದೆ ಕೂತು, ‘ತಪ್ಪಾಯ್ತು, ನನ್ನ ಕಾಲು ಮುರೀಬೇಕಿತ್ತು, ಕೂಸನ್ನ ಬಿಡಬೇಕಿತ್ತು’ ಎಂದು ಸೆರಗೊಡ್ಡಿ ಬರುತ್ತಿದ್ದಳು. ಜೊತೆಗೆ ಹೋಗುತ್ತಿದ್ದ ಮಾರಣ್ಣ ಪಕ್ಕದಲ್ಲಿ ಕೂತಿರುತ್ತಿದ್ದ. ಒಂದು ಸಲವೂ ಅವನು ಬಾಯಿ ಬಿಡಲಿಲ್ಲ.

ನಾಗಶ್ರೀ ಬಂದ ಮೂರನೇ ಸಂಜೆ ಮಳೆ ಜೋರಾಯಿತು. ರೊಪ್ಪದಲ್ಲಿ ಕುರಿಯೊಂದು ಮರಿ ಹಾಕಿತ್ತು. ಮರಿ ನಡುಗುತ್ತಿತ್ತು. ಮಾರಣ್ಣ ಅದನ್ನು ಕಂಬಳಿಯಲ್ಲಿ ಸುತ್ತಿ ಮನೆಗೆ ತಂದು, ಒಲೆಯ ಪಕ್ಕ ಬೂದಿಯ ಬಿಸಿಗೆ ಮಲಗಿಸಿದ. ಮರಿ ಹಾಕಿದ ಕುರಿಯೂ ಮೈಯೆಲ್ಲ ಕೊಳೆ ಮೆತ್ತಿಕೊಂಡು ಹಿಂದೆಯೇ ಬಂದು ಬಾಗಿಲ ಬಳಿ ನಿಂತಿತು. ಚಳಿಗಾಲದಲ್ಲಿ, ಮಳೆಯಲ್ಲಿ ಹಟ್ಟಿಯ ಎಲ್ಲ ಮನೆಯಲ್ಲೂ ಮಾಡುವ ಕೆಲಸ ಇದು. ಯಾವ ದೇವರೂ ಇದಕ್ಕೆ ಮುನಿದಿಲ್ಲ.

ಟಿ.ವಿ. ನಡೆಯುತ್ತಿತ್ತು. ಅಂದು ಧಾರಾವಾಹಿಯಲ್ಲಿ ಅತ್ತೆ ಆ ಸೊಸೆಯನ್ನು, ಕಂಕುಳಲ್ಲಿದ್ದ ಕೂಸಿನ ಸಮೇತ, ಮಳೆಯಲ್ಲಿ ಮನೆಯಿಂದ ಹೊರಗೆ ತಳ್ಳಿದ್ದಳು. ಪೈಪಿನಿಂದ ಬಿಟ್ಟ ಮಳೆ ಅದು. ನೀರು ಒಂದೇ ಕಡೆಯಿಂದ ಬೀಳುತ್ತಿತ್ತು. ನಡುಮನೆಯಲ್ಲಿ ಹನ್ನೆರಡು ಹೆಂಗಸರು ಸೆರಗು ಬಾಯಿಗೆ ಹಿಡಿದು ಬಿಕ್ಕುತ್ತಿದ್ದರು. “ಹಾಲುಗಲ್ಲದ ಕೂಸು ಕಣೇ, ಆ ಮುಂಡೆಗೆ ಕರುಣೆ ಬ್ಯಾಡ್ವಾ,” ಎಂದು ಏಕನಾಥಮ್ಮ ಎಂಬ ಮುದುಕಿ ಪರದೆಯ ಮೇಲಿನ ಅತ್ತೆಗೆ ನೆಟಿಕೆ ಮುರಿದಳು. ಬರಗೇರಮ್ಮನ ಕಣ್ಣಿನಲ್ಲಿ ಧಾರಾಕಾರ. ಅದೇ ಹೊತ್ತಿಗೆ, ಬೇಲಿಯಾಚೆ ನಲವತ್ತು ಹೆಜ್ಜೆಯ ದೂರದಲ್ಲಿ, ಎಂಟು ದಿನದ ಕೂಸು ಅಳುವುದು ಮಾರಣ್ಣನಿಗೆ ಕೇಳಿತು. ಟಿ.ವಿ.ಯ ಸದ್ದಿಗೆ ಮಿಕ್ಕವರಿಗೆ ಅದು ಕೇಳಲಿಲ್ಲ.

ಸಿಟ್ಟು ಬಂದದ್ದು ಆಗ. ಮೊದಲು ಬೆರಳಿಗೆ ಬಂತು, ಆಮೇಲೆ ಗಂಟಲಿಗೆ. ಅವನು ಟಿ.ವಿ.ಯ ವೈರು ಕಿತ್ತ.

“ಏಳ್ರಿ ಎಲ್ರೂ.”

“ಅಯ್ಯೋ, ಏನಾತೋ ನಿಂಗೆ?” ಎಂದಳು ಬರಗೇರಮ್ಮ.

“ಅಳು ಬಂದೈತಲ್ಲ, ಎಲ್ಲಾ ಇಲ್ಲೇ ಖರ್ಚು ಮಾಡಬ್ಯಾಡ್ರಿ. ಬರ್ರಿ, ಆಚೆ ಒಬ್ಬಳು ಐದಾಳೆ. ಅವಳ ಮ್ಯಾಲೆ ಬೀಳ್ತಿರೋದು ಪೈಪಿನ ಮಳೆ ಅಲ್ಲ. ಅವಳಿಗೂ ಒಂದೀಟು ಅಳ್ರಿ.”

ಯಾರೂ ಏಳಲಿಲ್ಲ. ಏಕನಾಥಮ್ಮ ಮೆಲ್ಲಗೆ, “ಅದು ದೇವ್ರ ವಿಷ್ಯ ಕಣಪ್ಪ, ಇದು ಕತೆ,” ಎಂದಳು.

“ಕತೆಗೆ ಕರುಣೆ, ದೇವ್ರಿಗೆ ಕೂಸು. ಅಲ್ವೇನಜ್ಜಿ?” ಎಂದ ಮಾರಣ್ಣ. ಅವನ ದನಿ ಅವನಿಗೇ ಹೊಸದಾಗಿತ್ತು. “ಅಗೋ, ಒಲೆ ಪಕ್ಕ ಯಾರು ಮಲಗಿರೋದು ನೋಡು. ಈಗ ತಾನೇ ಹುಟ್ಟೈತೆ. ಹೆತ್ತೋಳು ಬಾಗಿಲಾಗೆ ನಿಂತವ್ಳೆ. ಇವುಕ್ಕೆ ಸೂತಕ ಇಲ್ಲ. ನನ್ನ ಮಗಳು ಕುರಿ ಹೊಟ್ಯಾಗೆ ಹುಟ್ಟಿದ್ರೆ ಇವತ್ತು ಒಳಗಿರ್ತಿದ್ಲು.”

ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಬರಗೇರಮ್ಮ ಅಳು ನಿಲ್ಲಿಸಿ ಗಂಡನನ್ನು ದಿಟ್ಟಿಸಿದಳು. “ಅವಳನ್ನ ಒಳಗೆ ತರಬ್ಯಾಡ. ನಾನು ತಂದಿದ್ದಕ್ಕೆ ಏನಾಯ್ತು ಅಂತ ಗೊತ್ತಲ್ಲ,” ಎಂದಷ್ಟೇ ಹೇಳಿದಳು. ಅವಳದು ಕಲ್ಲು ಮನಸ್ಸಲ್ಲ, ಭಯ. ಒಂದು ಕೂಸನ್ನು ತಾನೇ ಕೊಂದೆ ಎಂದು ನಂಬಿದವಳಿಗೆ ಎರಡನೆಯದನ್ನು ಕೊಲ್ಲುವ ಧೈರ್ಯ ಇರಲಿಲ್ಲ. ಆ ಹೊತ್ತಿನಲ್ಲಾದರೂ ಮಾರಣ್ಣ ಸತ್ಯ ಹೇಳಬಹುದಿತ್ತು. ಹೇಳಲಿಲ್ಲ. ಬೇರೆಯವರ ಮೇಲಿನ ಸಿಟ್ಟು ಸಲೀಸು, ಅದು ಬಾಯಿಗೆ ಬರುತ್ತದೆ.

ಬೆಳಗ್ಗೆ ಮಗಳು ಹೇಳಿದಳು: ಕೂಸು ಹಾಲು ಎಳೆಯುತ್ತಿಲ್ಲ, ಅಂಗಾಲು ತಣ್ಣಗಿವೆ. ಮಾರಣ್ಣ ನೇರ ಮೂಡಲಗಿರಿಯಪ್ಪನ ಮನೆಗೆ ಹೋದ. ಯಜಮಾನ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ.

“ಬಾ ಮಾರಣ್ಣ, ಕುಂತ್ಕ. ನಿನ್ನೆ ಟೀವಿ ಕಿತ್ತಾಕ್ದೆಯಂತೆ?”

“ಬಾವ, ನಾಗಿನ ಒಳಗೆ ಕರ್ಕಂತೀನಿ.”

“ಆಗಲ್ಲ.”

“ಯಾಕೆ?”

“ಹಿರೀಕ್ರು ಗೆರೆ ಎಳೆದವ್ರೆ.”

“ಹಿರೀಕ್ರಿಗೆ ಯಾರು ಹೇಳಿದ್ದು?”

“ದೇವ್ರು.”

“ದೇವ್ರು ಬಂದು ಮುಳ್ಳು ಕಡಿದಿದ್ನಾ? ಪ್ರತಿ ವರ್ಷ ಗುಡ್ಡದಿಂದ ಕಾರೆ ಕಡಿದು ತಂದು ಒಟ್ಟೋನು ನಾನು. ಕೈ ನೋಡಿಲ್ಲಿ, ಇನ್ನೂ ಮುಳ್ಳು ಐತೆ. ನೀನು ಟ್ರ್ಯಾಕ್ಟ್ರು ತಂದ ವರ್ಷ ಶೆಡ್ಡು ಹೊರಗೆ ಬೀಳ್ತೈತೆ ಅಂತ ಹನ್ನೆರಡು ಹೆಜ್ಜೆ ಬೇಲಿ ಸರಿಸ್ಲಿಲ್ವಾ? ಎರಡು ತೆಂಗಿನಕಾಯಿ ಒಡೆದ್ವಿ, ದೇವ್ರು ಸರ್ಕಂಡ. ಟ್ರ್ಯಾಕ್ಟ್ರಿಗೆ ಸರಿಯೋ ದೇವ್ರು ಕೂಸಿಗೆ ಸರಿಯಲ್ವಾ?”

ಯಜಮಾನನ ಕಾಫಿ ಲೋಟ ಅರ್ಧಕ್ಕೆ ನಿಂತಿತು. “ಮಾತು ಕಲ್ತಿದೀಯ. ಆ ಮೊಬೈಲು ಗೇಮು ತಲೆ ಕೆಡಿಸೈತೆ ಅಂತ ಜನ ಹೇಳ್ತಿದ್ದುದು ಸುಳ್ಳಲ್ಲ.”

“ಗೇಮಲ್ಲಿ ಸತ್ತೋನು ಮತ್ತೆ ಹುಟ್ಟಿ ಬರ್ತಾನೆ ಬಾವ. ಅದಕ್ಕೇ ಅಲ್ಲಿ ಹೊರಗುಳಿದೋನ ಬಗ್ಗೆ ಯಾರಿಗೂ ಬ್ಯಾಸರ ಇರಲ್ಲ. ನಮ್ಮ ಕೂಸುಗಳೂ ಹಂಗೇ ಎದ್ದು ಬರ್ತವೆ ಅಂತ ನೀನು ತಿಳ್ಕಂಡಿದೀಯ. ಟೀವಿ ಹುಡುಗಿ ಹೊರಗೆ ಹೋಗ್ತಾಳೆ ಅಂತ ಮನೆಮನೆ ಸುತ್ತಿ ಓಟು ಹಾಕಿಸ್ದೆ. ಇವಳು ನಿನ್ ತಂಗಿ ಮಗಳು. ಇವಳಿಗೆ ಯಾವ ನಂಬರಿಗೆ ಓಟು ಹಾಕ್ಬೇಕು ಹೇಳು, ನಾನೇ ಸುತ್ತಿ ಬರ್ತೀನಿ.”

“ಎದ್ದು ಹೋಗು ಮಾರಣ್ಣ.”

ಅವನು ಎದ್ದ. ಮನೆಗೆ ಹೋಗಿ ಕುಡುಗೋಲು, ಕವೆಗೋಲು ತೆಗೆದುಕೊಂಡ. ಕವೆಗೋಲೆಂದರೆ ಮುಳ್ಳಿನ ಹೊರೆ ಎತ್ತುವ ಕವಲು ಕೋಲು. ಹನ್ನೊಂದು ಗಂಟೆಯ ಹೊತ್ತಿಗೆ, ಮಳೆ ಬಿಟ್ಟ ಬಿಸಿಲಿನಲ್ಲಿ, ತಾನೇ ಒಟ್ಟಿದ ಬೇಲಿಯನ್ನು ತಾನೇ ಕಿತ್ತು, ಹೊರೆಹೊರೆಯಾಗಿ ಎತ್ತಿ, ಗುಡ್ಲಿನ ಆಚೆ ಬದಿಗೆ ಅರ್ಧಚಂದ್ರದಂತೆ ಒಟ್ಟತೊಡಗಿದ. ಕೈ ಕಿತ್ತು ರಕ್ತ ಸೋರಿತು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಎತ್ತಿದರೆ ಬೀರೇಶ. “ಎಲ್ಲಿದೀಯಣ್ಣ, ಆಟಕ್ಕೆ ಬರಲ್ವಾ?”

“ಇವತ್ತು ಸುತ್ತು ಎಳೆಯೋನು ನಾನೇ ಕಣ್ಲೇ,” ಎಂದು ಹೇಳಿ ಮಾರಣ್ಣ ಫೋನಿಟ್ಟ. ಬಿ.ದುರ್ಗದವನಿಗೆ ಏನು ಅರ್ಥವಾಯಿತೋ.

ಬೇಲಿ ಮುಗಿಯುವ ಹೊತ್ತಿಗೆ ಗುಡ್ಲು ಒಳಗೆ ಬಂದಿತ್ತು, ಹಟ್ಟಿಯ ಗಂಡಸರೆಲ್ಲ ಸೇರಿದ್ದರು. ಮೂಡಲಗಿರಿಯಪ್ಪ ಕೋಲು ಎತ್ತಿ, “ದೇವ್ರ ನೆಲದಾಗೆ ಸೂತಕದ ಗುಡ್ಲು ಸೇರಿಸ್ದೆಯಲ್ಲೋ ಪಾಪಿ! ಇವತ್ತಿಂದ ನೀನು ಗುಡಿ ಮೆಟ್ಲು ಹತ್ತಂಗಿಲ್ಲ. ನಿನ್ನ ಕುರಿ ನಮ್ಮ ಕೆರೆಕಟ್ಟೆ ನೀರಿಗೆ ಇಳಿಯಂಗಿಲ್ಲ,” ಎಂದ. ಇಬ್ಬರು ಆಗಲೇ ಹೊಸ ಬೇಲಿಯ ಮುಳ್ಳಿಗೆ ಕೈ ಹಾಕಿದ್ದರು.

ಗುಡ್ಲಿನಿಂದ ನಾಗಶ್ರೀ ಹೊರಗೆ ಬಂದಳು. ಎದೆಗೆ ಕಂಬಳಿಯಲ್ಲಿ ಸುತ್ತಿದ ಕೂಸು.

“ಅಪ್ಪ, ಸಾಕು,” ಎಂದಳು. “ಬೇಲಿ ಸರಿಸಿದ್ರೆ ಗುಡ್ಲು ಮನೆ ಆಗ್ತೈತಾ? ನೀನು ಇನ್ನೂ ಅವರ ಆಟಾನೇ ಆಡ್ತಿದೀಯ. ನಾನು ಇದ್ರಾಗೆ ಇಲ್ಲ, ಎದ್ದು ಬಂದೆ.” ಮನೆಯ ಕಡೆ ತಿರುಗಿದಳು. “ಮಾವ, ದಾರಿ ಬಿಡು.”

“ನಾಗಿ, ಒಂದು ಹೆಜ್ಜೆ ಇಟ್ರೆ ನೋಡು…”

ಅವಳು ಇಟ್ಟಳು. ಇನ್ನೊಂದು ಇಟ್ಟಳು. ಕೋಲೆತ್ತಿದ ಯಜಮಾನ ಸರ್ರನೆ ಹಿಂದೆ ಸರಿದ, ಅವನ ಹಿಂದಿದ್ದವರು ಅವನಿಗಿಂತ ಬೇಗ ಸರಿದರು. ಮೈಲಿಗೆಯವಳನ್ನು ಮುಟ್ಟಿದರೆ ತಾವೂ ಬೇಲಿಯಾಚೆ ಹೋಗಬೇಕಲ್ಲ! ತಡೆಯಲು ಮುಟ್ಟಬೇಕು, ಮುಟ್ಟಲು ಭಯ. ಬಾಣಂತಿಯೊಬ್ಬಳು ಮೆಲ್ಲಗೆ ಕಾಲೆಳೆಯುತ್ತ ನಡೆದಂತೆ ಮೀಸೆ ಹೊತ್ತ ಮೂವತ್ತು ಗಂಡಸರು ಪಕ್ಕಕ್ಕೆ ಜಿಗಿಯುತ್ತ ಹೋದರು. ಇಷ್ಟು ವರ್ಷ ಹೆಂಗಸರನ್ನು ಹೊರಗಿಟ್ಟ ಶೌರ್ಯ ಇಷ್ಟೇ ಇತ್ತು.

ಮನೆಯ ಬಾಗಿಲಲ್ಲಿ ಬರಗೇರಮ್ಮ ಎರಡೂ ಕೈ ಚಾಚಿ ಚೌಕಟ್ಟು ಹಿಡಿದು ನಿಂತಿದ್ದಳು. ಅವಳು ಮಾತ್ರ ಸರಿಯಲಿಲ್ಲ.

“ಬ್ಯಾಡ ಕಣೇ ನಾಗಿ. ನಿಂಗೆ ಕೈ ಮುಗಿತೀನಿ. ನಾನು ಹಿಂಗೇ ಬಂದು ನಿಂತಿದ್ದೆ. ನಾಕು ದಿನಕ್ಕೆ ನಿಮ್ಮಣ್ಣ ಹೋದ.”

“ಅವ್ವ, ಅವನು ಚಳಿಗೆ ಹೋದ.”

“ನಿನಗೇನು ಗೊತ್ತು? ನೀನು ಹುಟ್ಟೇ ಇರ್ಲಿಲ್ಲ!”

“ಅವತ್ತು ಬಾಗಿಲು ತೆಗೆದೋನು ನಿನ್ ಮುಂದೇನೇ ನಿಂತವ್ನೆ. ಕೇಳು.”

ಬರಗೇರಮ್ಮ ಗಂಡನ ಕಡೆ ನೋಡಿದಳು. ಅಂಗಳದಲ್ಲಿ ಹಟ್ಟಿಯೇ ನಿಂತಿತ್ತು. ಮಗಳ ಹಿಂದೆಯೇ ಬಂದಿದ್ದ ಮಾರಣ್ಣ ಕವೆಗೋಲನ್ನು ನೆಲಕ್ಕಿಟ್ಟ.

“ಹೇಳು. ದೇವ್ರು ಕೊಂದಿದ್ದಾ, ಚಳಿನಾ?” ಎಂದು ಬರಗೇರಮ್ಮ ಕೇಳಿದಳು.

“ಚಳಿ,” ಎಂದ ಮಾರಣ್ಣ. “ಅವತ್ತು ಕೂಸಿನ ತುಟಿ ನೀಲಿ ಆಗಿತ್ತು. ಬಾಗಿಲು ತೆಗೆದಾಗ ನಾನು ನೋಡಿದೆ. ನೋಡಿನೂ ನಿನ್ನ ಆಚೆ ಕಳಿಸ್ದೆ.”

“ನೋಡಿದ್ದೆಯಾ?”

“ನೋಡಿದ್ದೆ.”

“ಹಾಲುರಾಮೇಶ್ವರದಾಗೆ ನಾನು ತಪ್ಪಾಯ್ತು, ತಪ್ಪಾಯ್ತು ಅಂತ ನೆಲಕ್ಕೆ ಹಣೆ ಹಚ್ಚುವಾಗ ಪಕ್ಕದಾಗೆ ಕುಂತಿದ್ಯಲ್ಲ. ಆಗ್ಲೂ ಗೊತ್ತಿತ್ತಾ?”

ಮಾರಣ್ಣ ತಲೆ ಆಡಿಸಿದ.

“ಇಪ್ಪತ್ತೆಂಟು ವರ್ಷ,” ಎಂದಳು ಬರಗೇರಮ್ಮ. ಕೂಗಲಿಲ್ಲ. ಚೌಕಟ್ಟಿನಿಂದ ಕೈ ತೆಗೆದಳು. ಮಗಳ ತೋಳಿನಿಂದ ಕೂಸನ್ನು ತಾನೇ ಎತ್ತಿಕೊಂಡು, ಅದರ ಅಂಗಾಲನ್ನು ತನ್ನ ಕೆನ್ನೆಗೆ ಒತ್ತಿಕೊಂಡು ನೋಡಿದಳು. ಮಗಳ ರಟ್ಟೆ ಹಿಡಿದು ಒಳಕ್ಕೆ ಎಳೆದಳು. ಮೂಡಲಗಿರಿಯಪ್ಪ “ಬರಗೇರಿ!” ಎಂದು ಗದರಿದ. “ನೀನು ಬಾಯಿ ಮುಚ್ಚಣ್ಣ. ನಿನ್ನ ಗೊಬ್ಬರದ ಚೀಲಕ್ಕೆ ಸಿಮೆಂಟಿನ ಮನೆ, ನನ್ನ ಮೊಮ್ಮಗಳಿಗೆ ಫ್ಲೆಕ್ಸು. ಯಾವ ದೇವ್ರಿಗೆ ಹೇಳ್ಕಂತೀಯೋ ಹೇಳ್ಕ ಹೋಗು,” ಎಂದಳು.

ಮಾರಣ್ಣ ಜಗಲಿ ಹತ್ತಲು ಕಾಲೆತ್ತಿದ.

“ನೀನು ಅಲ್ಲೇ ಇರು,” ಎಂದಳು ಹೆಂಡತಿ.

ಬಾಗಿಲು ಮುಚ್ಚಿತು, ಒಳಗಿನಿಂದ ಅಗುಳಿ ಬಿತ್ತು. ಸ್ವಲ್ಪ ಹೊತ್ತಿಗೆ ಒಲೆ ಉರಿಸಿದ ಹೊಗೆ ಹೆಂಚಿನ ಸಂದಿಯಿಂದ ಎದ್ದಿತು. ಅಂಗಳ ಖಾಲಿಯಾಯಿತು. ಅಂದಿನಿಂದ ಅವರ ಮನೆಯ ಟಿ.ವಿ.ಗೆ ಯಾರೂ ಬರಲಿಲ್ಲ, ಅವರ ಕುರಿಗಳಿಗೆ ಎರಡು ಮೈಲಿ ದೂರದ ಹಳ್ಳದ ನೀರೇ ಗತಿಯಾಯಿತು. ಮೂರನೇ ದಿನ ಕೂಸು ಹಾಲು ಕುಡಿಯತೊಡಗಿತೆಂದು ಮಾರಣ್ಣನಿಗೆ ಗೊತ್ತಾದದ್ದು ಕಿಟಕಿಯಿಂದ ಮಗಳು ಹೇಳಿದ ಮೇಲೆ.

ಅವನು ಜಗಲಿಯ ಕೆಳಗೆ, ಬಚ್ಚಲ ಗೋಡೆಗೊರಗಿ ಮಲಗುತ್ತಿದ್ದ. ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದು ಬರಗೇರಮ್ಮ ಹೊಸ್ತಿಲಾಚೆ ತಟ್ಟೆ ಇಡುತ್ತಿದ್ದಳು. ಮುದ್ದೆ, ಹುರುಳಿ ಸಾರು, ಒಂದು ಈರುಳ್ಳಿ. ಎಷ್ಟು ದಿನ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅವನು ಕೂತು ಉಂಡ.